ಅತ್ತೆ ತಟ್ಟಿ ತೋರಿಸಿದ ಜಾಗ

ನಿಂಬೆಹಣ್ಣು ಕೊಯ್ದು ರಕ್ತ ಬರಿಸುವ ಪವಾಡವನ್ನು ತರಗತಿಯಲ್ಲಿ ಮಾಡಿ ತೋರಿಸಿ, ಅದರ ಗುಟ್ಟನ್ನೂ ಬಿಡಿಸಿ ಹೇಳುವ ವಿಜ್ಞಾನದ ಮೇಡಂ ನಾನು. ಅರಸೀಕೆರೆಯ ಹೈಸ್ಕೂಲೊಂದರಲ್ಲಿ ಹದಿನೈದು ವರ್ಷದಿಂದ ಇದೇ ಕೆಲಸ. ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳಲು ಬಂದರೆ ನನ್ನ ಮುಖ ನೋಡಿಯೇ ಅರ್ಧಕ್ಕೆ ನಿಲ್ಲಿಸುತ್ತಿದ್ದರು. ಈಗ ನಾನೇ ಹೇಳಲು ಕೂತಿದ್ದೇನೆ. ನೀವು ನಕ್ಕರೂ ನನಗೆ ಬೇಸರವಿಲ್ಲ, ನಾನೇನು ಕಡಿಮೆ ನಕ್ಕಿದ್ದೇನೆಯೇ?

ಮೊದಲು ನನ್ನ ಅತ್ತೆಯ ವಿಷಯ ಹೇಳಬೇಕು. ನಮ್ಮದು ಕೊಬ್ಬರಿ ಮಾಡುವ ಮನೆ. ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ನೀರು ಇಂಗಿ ಕೊಬ್ಬರಿಯಾಗುತ್ತದೆ. ಆಗಿದೆಯೋ ಇಲ್ಲವೋ ಎಂಬುದನ್ನು ಒಡೆಯದೆ ತಿಳಿಯಬೇಕು. ಅತ್ತೆ ಕಾಯನ್ನು ಕಿವಿಯ ಹತ್ತಿರ ಹಿಡಿದು, ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ, "ಇದ್ರಲ್ಲಿ ಇನ್ನೂ ನೀರೈತೆ" ಎಂದರೆ ಮುಗಿಯಿತು, ಇದ್ದೇ ಇರುತ್ತದೆ. ನನ್ನ ಸಾರಿನ ವಿಷಯದಲ್ಲೂ ಹಾಗೆಯೇ, ರುಚಿ ನೋಡದೆ ತೀರ್ಪು ಕೊಡುತ್ತಾರೆ. ನಮ್ಮಿಬ್ಬರ ನಡುವೆ ಅಷ್ಟಕ್ಕಷ್ಟೆ.

ಮೂರು ವರ್ಷದ ಹಿಂದೆ ಎಂಟನೇ ತರಗತಿಯ ಮಕ್ಕಳನ್ನು ಹಳೇಬೀಡು, ಬೇಲೂರು ತೋರಿಸಲು ಕರೆದುಕೊಂಡು ಹೋಗಿದ್ದೆ. ಹಳೇಬೀಡಿನ ದೇವಸ್ಥಾನದ ಎದುರು ಮಕ್ಕಳ ತಲೆ ಎಣಿಸುತ್ತಿದ್ದವಳಿಗೆ ಮೂವತ್ತನಾಲ್ಕನೆಯದಕ್ಕೆ ನನ್ನ ತಲೆಯೇ ಸಿಡಿದಂತಾಯಿತು. ಯಾರೋ ಒನಕೆಯಲ್ಲಿ ಹೊಡೆದ ಹಾಗೆ. ಬೇಲೂರು ಅಲ್ಲಿಗೇ ರದ್ದಾಯಿತು. ಹಾಸನದ ಒಂದು ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದಾಗ ಮಿದುಳಿನ ಸುತ್ತ ರಕ್ತ ಸೋರಿರುವುದು ಕಂಡಿತು. ಎಲ್ಲಿಂದ ಸೋರಿತು ಎಂದು ತಿಳಿಯಲು ಕೈಗೆ ಒಂದು ಔಷಧಿ ಚುಚ್ಚಿ, ತಲೆಯ ರಕ್ತನಾಳಗಳ ಚಿತ್ರವನ್ನೂ ತೆಗೆದರು. ನಾಳಗಳೆಲ್ಲ ನೆಟ್ಟಗೇ ಇದ್ದವು.

"ಕೆಲವರಲ್ಲಿ ಕಾರಣ ಸಿಗೋದೇ ಇಲ್ಲ. ನಾಲ್ಕೈದು ದಿನ ನೋಡ್ಕೊಂಡು ಮನೆಗೆ ಕಳಿಸ್ತೀವಿ" ಎಂದರು ಡಾಕ್ಟರು. ಮೊನ್ನೆ ಮೊನ್ನೆ ನನ್ನ ತರಗತಿಯಿಂದ ಎದ್ದು ಹೋದವರ ಹಾಗೆ ಎಳೆಯ ಮುಖ. ಮತ್ತೆ ಸೋರಿದರೆ ಉಳಿಸುವುದು ಕಷ್ಟವೆಂದು ಬಾಗಿಲ ಹೊರಗೆ ನನ್ನ ಗಂಡನಿಗೆ ಹೇಳಿದ್ದು ನನಗೂ ಕೇಳಿಸಿತು. ನನಗೆ ವಿಪರೀತ ಹೆದರಿಕೆಯಾಯಿತು. ಇಲ್ಲವೆಂದು ಬರೆದರೆ ಸುಳ್ಳಾಗುತ್ತದೆ.

ಡಾಕ್ಟರು ಒಳಗೆ ಬರುವಷ್ಟರಲ್ಲಿ ಸುದ್ದಿ ತಿಳಿದು ನನ್ನ ಗಂಡನ ಜೊತೆ ಊರಿಂದ ಬಂದು ಮೂಲೆಯಲ್ಲಿ ಕೂತಿದ್ದ ಅತ್ತೆ ಎದ್ದು ಬಂದರು. ನನ್ನ ತಲೆಗೆ ಕಿವಿಯಿಟ್ಟು ಗೆಣ್ಣಿನಿಂದ ತಟ್ಟತೊಡಗಿದರು. ಹಣೆ, ನೆತ್ತಿ, ಎಡಗಿವಿಯ ಮೇಲೆ. ನರ್ಸ್ ಗಾಬರಿಯಿಂದ ಓಡಿಬಂದಳು. ನನ್ನ ತಲೆಗೆ ಮೊಟಕಬೇಕೆಂಬ ಹನ್ನೆರಡು ವರ್ಷದ ಆಸೆಯನ್ನು ಅತ್ತೆ ತೀರಿಸಿಕೊಳ್ಳುತ್ತಿದ್ದಾರೆಂದೇ ನಾನು ತಿಳಿದೆ. ಬಲಗಿವಿಯ ಹಿಂದೆ, ತುಸು ಕೆಳಗೆ, ಅವರ ಕೈ ನಿಂತಿತು.

"ಇಲ್ಲೈತೆ ಡಾಕ್ಟ್ರಪ್ಪ. ಇಲ್ಲಿ ನೋಡ್ದೆ ಇವಳನ್ನ ನಾನು ಕರ್ಕೊಂಡೋಗಾಕಿಲ್ಲ."

"ಅಮ್ಮಾ, ಇದು ತೆಂಗಿನಕಾಯಲ್ಲ."

"ಕಾಯಾಗಿದ್ರೆ ಇಷ್ಟೊತ್ತು ಬೇಕಾಗ್ತಿರ್ಲಿಲ್ಲ. ನೀವು ನೋಡ್ರಿ."

ಡಾಕ್ಟರು ನಕ್ಕು ಹೋದರು. ಅತ್ತೆ ಚೀಲದ ಸಮೇತ ಹೋಗಿ ಅವರ ಕೋಣೆಯ ಬಾಗಿಲಲ್ಲಿ ಕೂತರು. ಎರಡು ದಿನ ಕದಲಲಿಲ್ಲ, ಬಂದವರೆಲ್ಲ ಅವರನ್ನು ದಾಟಿಕೊಂಡೇ ಒಳಗೆ ಹೋಗಬೇಕು. ಕೊನೆಗೆ ಡಾಕ್ಟರು ತೊಡೆಯ ಸಂದಿನಿಂದ ಸಣ್ಣ ಕೊಳವೆ ಏರಿಸಿ, ಇನ್ನೂ ಸೂಕ್ಷ್ಮವಾಗಿ ಚಿತ್ರ ತೆಗೆಯುವ ಪರೀಕ್ಷೆ ಮಾಡಿದರು. ಬಲಗಡೆ, ಹಿಂದೆ, ಕೆಳಗೆ, ಒಂದು ನಾಳದಲ್ಲಿ ಮೆಣಸಿನ ಕಾಳಿಗಿಂತ ಚಿಕ್ಕ ಉಬ್ಬು ಸಿಕ್ಕಿತು. ಅದೇ ದಾರಿಯಲ್ಲಿ ತಂತಿಯ ಸುರುಳಿ ತುಂಬಿ ಅದನ್ನು ಮುಚ್ಚಿದರು.

ಮೊದಲ ಸಲ ಹೆಪ್ಪುಗಟ್ಟಿದ ರಕ್ತ ಅದನ್ನು ಮರೆಮಾಡಿರಬೇಕು, ಹಾಗಾಗುವುದುಂಟು ಎಂದರು ಡಾಕ್ಟರು. ಒಪ್ಪಿದೆ. ಆದರೆ ಅತ್ತೆ ಸರಿಯಾಗಿ ಆ ಜಾಗವನ್ನೇ ತೋರಿಸಿದ್ದು ಹೇಗೆ ಎಂದು ಕೇಳಿದಾಗ, ಕನ್ನಡಕ ಸರಿಮಾಡಿಕೊಂಡು ಪಕ್ಕದ ಮಂಚಕ್ಕೆ ಹೋದರು.

ಮನೆಗೆ ಬಂದು ಚೇತರಿಸಿಕೊಂಡ ಮೇಲೆ, ಇದಕ್ಕೊಂದು ವೈಜ್ಞಾನಿಕ ಕಾರಣ ಹುಡುಕಲೇಬೇಕೆಂದು ನೋಟ್‌ಬುಕ್ ಹಿಡಿದು ಅತ್ತೆಯ ಮುಂದೆ ಕೂತೆ. ಎಂಥ ಶಬ್ದ ಬಂತು? ಬೇರೆ ಕಡೆಗಿಂತ ಮಂದವಾಗಿತ್ತೇ? ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ನನ್ನನ್ನೇ ದಿಟ್ಟಿಸಿದರು.

"ಓದಿದೋಳಲ್ವೇನೆ ನೀನು? ಮನ್ಸರ ಬುರುಡೆ ತಟ್ಟಿದ್ರೆ ಯಾವಳಿಗಾದ್ರೂ ಏನಾರ ಕೇಳಿಸ್ತದಾ? ನಂಗೇನೂ ಕೇಳಿಸ್ಲಿಲ್ಲ. ಕಾರಣ ಸಿಗ್ದೆ ನಿನ್ನ ಹಂಗೇ ಮನೆಗೆ ಕಳಿಸ್ತಾರೆ ಅಂದಾಗ ನನ್ ಜೀವ ಬಾಯಿಗೆ ಬಂತು. ಹೆಂಗಾರ ಮಾಡಿ ಇನ್ನೊಂದ್ಸಲ ನೋಡಿಸ್ಬೇಕಿತ್ತು. ಕೈ ಎಲ್ಲಿತ್ತೋ ಅಲ್ಲೇ ಐತೆ ಅಂದ್ಬಿಟ್ಟೆ."

ನನಗೆ ಅಳು ತಡೆಯಲಾಗಲಿಲ್ಲ. "ಸುಮ್ಕಿರು, ತಲೆ ನೋಯ್ತದೆ" ಎಂದು ಗದರಿದರು.

ಕೇಳಿಸಿತು ಎಂದಿದ್ದರೆ ಏನೋ ಒಂದು ವಿವರಣೆ ಕಟ್ಟುತ್ತಿದ್ದೆ. ಏನೂ ಕೇಳಿಸದೆ, ಬರೀ ಭಯದಲ್ಲಿ ಆಡಿದ ಮಾತು ಸರಿಯಾಗಿ ಅಲ್ಲಿಗೇ ಹೇಗೆ ಹೋಗಿ ತಾಗಿತು? ಮೂರು ವರ್ಷದಿಂದ ಯೋಚಿಸುತ್ತಿದ್ದೇನೆ, ಗೊತ್ತಾಗಿಲ್ಲ. ನೋಟ್‌ಬುಕ್ಕಿನ ಆ ಪುಟ ಇನ್ನೂ ಖಾಲಿಯಿದೆ. ಈಗಲೂ ಆ ಮಾತೆತ್ತಿದರೆ, ಮಕ್ಕಳಿಗೆ ಪಾಠ ಹೇಳುವವಳು ಇಂಥದ್ದನ್ನೆಲ್ಲ ನಂಬಬಾರದು ಎಂದು ಅತ್ತೆ ನನಗೇ ಬುದ್ಧಿ ಹೇಳುತ್ತಾರೆ.