ಎದುರುಮನೆಯಲ್ಲಿ ನಮ್ಮ ದೇವರು

ಮಕ್ಕಳೇ, ನಿಮ್ಮ ತಾತ ತೀರಿಕೊಂಡ ದಿನ ನನಗಿದ್ದ ಒಂದು ಚಿಂತೆಯನ್ನು ಯಾರ ಮುಂದೆಯೂ ಹೇಳಲು ಸಂಕೋಚವಾಗಿತ್ತು. ಮನೆದೇವರ ದೀಪವನ್ನು ಅವರು ಒಂದು ಸಂಜೆಯೂ ತಪ್ಪಿಸಿದವರಲ್ಲ. ಈಗ ಸೂತಕ. ಮನೆಯವರು ಯಾರೂ ದೇವರನ್ನು ಮುಟ್ಟುವಂತಿಲ್ಲ. ಅವರೊಂದಿಗೆ ದೀಪವೂ ನಿಂತುಹೋಗುತ್ತದಲ್ಲ ಎಂಬುದೇ ಆ ಚಿಂತೆ.

ಇಂಥ ಹೊತ್ತಿನಲ್ಲಿ ದೇವರ ಪೆಟ್ಟಿಗೆಯನ್ನು ಬೇರೆ ಮನೆಗೆ ಕಳಿಸುವುದು ನಮ್ಮ ಹಳ್ಳಿಯ ರೂಢಿ. ಬನಶಂಕರಿಯ ಈ ಬೀದಿಯಲ್ಲಿ ಯಾರನ್ನು ಕೇಳಲಿ? ನಾನು ಬಾಯಿ ಬಿಡುವ ಮೊದಲೇ ಎದುರುಮನೆಯಾಕೆ ಸ್ನಾನ ಮಾಡಿ ಒದ್ದೆಗೂದಲಲ್ಲೇ ಬಂದರು. ತೆಲುಗಿನವರು; ನಮ್ಮ ಈ ರೂಢಿಯನ್ನು ಹಿಂದೊಮ್ಮೆ ನನ್ನ ಬಾಯಿಂದಲೇ ಕೇಳಿದ್ದರು. ಅಭ್ಯಾಸಬಲದಿಂದ ನಾನು ಪೆಟ್ಟಿಗೆಗೆ ಕೈ ಚಾಚಿದೆ.

“ಅಯ್ಯೋ, ಮುಟ್ಟಬೇಡಿ ಆಂಟಿ, ನಾನೇ ತಗೋತೀನಿ. ಏನೇನು ಮಾಡ್ಬೇಕು ಹೇಳಿ.”

“ನಿಮ್ಮ ದೇವರಿಗೆ ಮಾಡ್ದಂಗೇ ಮಾಡಮ್ಮ, ಸಾಕು.”

“ಅದೆಲ್ಲ ಆಗಲ್ಲ. ನಮ್ಮನೇಲಿದ್ರೂ ಅದು ನಿಮ್ಮನೆ ದೇವರೇ.”

ಎಳ್ಳೆಣ್ಣೆ ದೀಪ, ಬೆಲ್ಲ ಹಾಕಿದ ಹಾಲು ಎಂದೆ.

“ದಿನಾ ಬೆಲ್ಲದ ಹಾಲಾ? ನಮ್ಮ ದೇವರಿಗೆ ಬರೀ ಬಾಳೆಹಣ್ಣು. ಹೊಟ್ಟೆಕಿಚ್ಚು ಪಡ್ತಾರೆ ಬಿಡಿ!”

ಸಂಜೆ ಕಿಟಕಿಯಿಂದ ನೋಡಿದೆ. ಅವರ ದೇವರಮನೆಯಲ್ಲಿ ಬೇರೆಯದೇ ಮಣೆಯ ಮೇಲೆ ನಮ್ಮ ದೇವರು, ಮುಂದೆ ದೀಪ. ಕಂಪ್ಯೂಟರ್‌ಗಳಿಗೆ ಕಳ್ಳರು ನುಗ್ಗದಂತೆ ಕಾಯುವ ಕೆಲಸದಲ್ಲಿರುವ ನಿಮ್ಮ ದೊಡ್ಡಕ್ಕ ನನ್ನ ಪಕ್ಕದಲ್ಲಿದ್ದಳು.

“ಅಜ್ಜಿ, ಕೆಲವು ದೇಶಗಳೂ ಹಿಂಗೇ ಮಾಡ್ತಾವೆ. ಡೇಟಾ ರಾಯಭಾರ ಕಚೇರಿ ಅಂತಾರೆ.”

ತನ್ನ ಜನರ ಹುಟ್ಟು, ಜಮೀನು, ಪಿಂಚಣಿಯ ವಿವರಗಳ ಪ್ರತಿಯನ್ನು ಒಂದು ದೇಶ ಇನ್ನೊಂದು ದೇಶದ ಕಂಪ್ಯೂಟರ್ ಕೋಣೆಯಲ್ಲಿ ಇಡುತ್ತದಂತೆ. ನೆಲ ಅವರದು, ಕಾನೂನು ಇವರದು. ಅಪ್ಪಣೆಯಿಲ್ಲದೆ ಅಲ್ಲಿನ ಪೊಲೀಸರೂ ಒಳಗೆ ಕಾಲಿಡುವಂತಿಲ್ಲ. ಇವರ ಕಂಪ್ಯೂಟರ್‌ಗಳನ್ನು ಶತ್ರುಗಳು ಕೆಡಿಸಿದರೂ, ಯುದ್ಧವೇ ಬಂದರೂ, ಸರ್ಕಾರದ ಕೆಲಸ ಅಲ್ಲಿಂದ ನಡೆಯುತ್ತದಂತೆ.

“ಅವ್ರು ಇಣುಕಿ ನೋಡಿದ್ರೆ?” ಎಂದೆ.

“ಬೀಗದ ಕೀ ಡೇಟಾ ಇಟ್ಟೋರ ಹತ್ರಾನೇ ಇರುತ್ತೆ ಅಜ್ಜಿ. ಆದ್ರೆ ಬರೀ ಬೀಗ ಸಾಲಲ್ಲ. ಮೊದ್ಲು ಎರಡೂ ದೇಶ ಕೂತು ಒಪ್ಪಂದ ಮಾಡ್ಕೋಬೇಕು. ಸ್ನೇಹ ಇಲ್ದಿದ್ರೆ ಯಾರು ಇಡ್ತಾರೆ, ಯಾರು ಇಟ್ಕೋತಾರೆ?”

ಹಳ್ಳಿ ಶಾಲೆಯಲ್ಲಿ ಓದಿದ ನನಗೆ ದೇಶವೆಂದರೆ ಗೋಡೆಯ ನಕ್ಷೆಯಲ್ಲಿನ ಒಂದು ಬಣ್ಣ. ಸೈನ್ಯವಿರುವ ದೇಶವೂ ಕಷ್ಟಕಾಲಕ್ಕೆಂದು ಎದುರುಮನೆಯ ಬಾಗಿಲು ತಟ್ಟುತ್ತದೆ ಎಂದು ಕೇಳಿ ಮೈ ಜುಮ್ಮೆಂದಿತು.

ಸೂತಕ ಕಳೆದ ಸಂಜೆ ಆಕೆ ಮೊದಲು ಪೆಟ್ಟಿಗೆ ತಂದಿಟ್ಟರು. ಮತ್ತೆ ಹೋಗಿ, ಗಾಳಿಗೆ ಸೆರಗು ಅಡ್ಡ ಹಿಡಿದು, ಬರುತ್ತಿದ್ದ ಬೈಕನ್ನು ಕೈಸನ್ನೆಯಲ್ಲೇ ನಿಲ್ಲಿಸಿ, ಉರಿಯುವ ದೀಪದೊಂದಿಗೆ ರಸ್ತೆ ದಾಟಿ ಬಂದರು.

“ತಗೊಳ್ಳಿ ಆಂಟಿ, ಒಂದಿನಾನೂ ತಪ್ಪಿಲ್ಲ.”

ಆ ಉರಿಯಿಂದಲೇ ನಮ್ಮ ಬತ್ತಿ ಹಚ್ಚಿದೆ.