ಕೊಡದೆ ಹಿಡಿದುಕೊಂಡ ತಾಯಿ ಕಾರ್ಡು

ಮೂರು ವರ್ಷದ ಹಿಂದಿನ ಶ್ರಾವಣ. ಮಗಳು ಶಿಲ್ಪಾ ಚೊಚ್ಚಲ ಹೆರಿಗೆಗೆಂದು ಪಾಂಡವಪುರದ ಹತ್ತಿರದ ನಮ್ಮೂರಿಗೆ ಬಂದಿದ್ದಳು. ಒಂಬತ್ತು ತಿಂಗಳು ತುಂಬಿತ್ತು. ತಪಾಸಣೆಗೆ ಹೊರಟ ದಿನ, "ಅವ್ವ, ನೆನ್ನೆಯಿಂದ ಮಗು ಅಷ್ಟಾಗಿ ಒದೀತಿಲ್ಲ ಕಣವ್ವ" ಅಂದಳು.

"ಹೆರಿಗೆ ಹತ್ರ ಬಂದಾಗ ಅಂಗೇ ಕಣೆ, ಸುಮ್ನಾಯ್ತವೆ. ಅಲ್ಲೋಗಿ ಹೇಳ್ಬ್ಯಾಡ, ಸಂಜೆಗಂಟ ಕೂರುಸ್ಕೋತಾರೆ" ಅಂದೆ. ಮೂರು ಹೆತ್ತವಳು, ನನಗೆ ಗೊತ್ತಿಲ್ಲದ್ದೇ ಎಂಬ ಧಿಮಾಕು.

ಆಸ್ಪತ್ರೆಯಲ್ಲಿ ಅವಳು ನರ್ಸಮ್ಮನಿಗೆ ಹೇಳಿಯೇಬಿಟ್ಟಳು. ಅವರು ಅವಳನ್ನು ಮಲಗಿಸಿ, ಹೊಟ್ಟೆಗೆ ಪಟ್ಟಿ ಕಟ್ಟಿ, ಮಗುವಿನ ಎದೆಬಡಿತ ಕೇಳಿಸುವ ಮಿಷನ್ನು ಹಾಕಿದರು. ಇಪ್ಪತ್ತು ನಿಮಿಷವಾದ ಮೇಲೆ ಅದರಿಂದ ಬಂದ ಕಾಗದ ನೋಡಿ, "ಎಡಮಗ್ಗುಲಿಗೆ ತಿರುಗಮ್ಮ, ಇನ್ನೊಂದ್ಸಲ ನೋಡೋಣ" ಅಂದರು. ನನಗೆ ರೇಗಿತು. ಒಂದು ಗಂಟೆಯ ಬಸ್ಸು ತಪ್ಪಿದರೆ ಮತ್ತೆ ನಾಲ್ಕಕ್ಕೇ.

"ತಾಯಿ ಕಾರ್ಡ್ ಕೊಡಿ, ನಾಳೀಕ್ ಬತ್ತೀವಿ" ಅಂದೆ. ಬಸುರಿಯ ತಪಾಸಣೆಯದೆಲ್ಲ ಬರೆದಿಡುವ ಆ ಕಾರ್ಡಿಲ್ಲದೆ ಹೊರಡುವಂತಿರಲಿಲ್ಲ. ಅವರು ಅದನ್ನು ಕೋಟಿನ ಜೇಬಿಗೆ ಹಾಕಿಕೊಂಡು, "ಕೊಡಲ್ಲ ಕಣಮ್ಮ, ಕೂತ್ಕೊಳಿ" ಅಂದರು. ನಾನು ಬಾಯಿಗೆ ಬಂದಂತೆ ಕೂಗಾಡಿದೆ.

ಕೂಗುತ್ತಿರುವಾಗಲೇ ಮಿಷನ್ನಿನ ಟಕಟಕ ನಿಧಾನವಾಯಿತು. ನಮ್ಮದು ಕಮ್ಮಾರರ ಮನೆ. ಕುಲುಮೆಯಲ್ಲಿ ಸುತ್ತಿಗೆಯ ಏಟು ತಪ್ಪಿದರೆ ಒಲೆಯ ಮುಂದೆ ಕೂತಿದ್ದರೂ ನನಗೆ ತಿಳಿಯುತ್ತದೆ. ಕೂಗಾಟ ಬಿಟ್ಟು ಮಗಳ ಪಕ್ಕಕ್ಕೆ ಹೋದೆ. ನರ್ಸಮ್ಮ ಆಗಲೇ ಡಾಕ್ಟರನ್ನು ಕರೆಯಲು ಓಡಿದ್ದರು.

ಡಾಕ್ಟರು ಸ್ಕ್ಯಾನ್ ಮಾಡಿ, "ಹೊಕ್ಕುಳಬಳ್ಳಿ ಕುತ್ತಿಗೆಗೆ ಎರಡು ಸುತ್ತು ಬಂದಿದೆ. ಎಷ್ಟೋ ಮಕ್ಕಳಿಗೆ ಹಾಗಿದ್ರೂ ಏನೂ ಆಗಲ್ಲ. ಆದ್ರೆ ಇಲ್ಲಿ ನೀರೂ ಕಮ್ಮಿಯಾಗಿದೆ, ಬಡಿತ ಪದೇ ಪದೇ ಇಳೀತಾ ಇದೆ. ಕಾಯೋದು ಬೇಡ, ಈಗಲೇ ಆಪರೇಷನ್ ಮಾಡೋಣ" ಅಂದರು.

ಆಪರೇಷನ್ ಕೋಣೆಯ ಬಾಗಿಲ ಹೊರಗೆ ನೆಲದ ಮೇಲೆ ಕೂತೆ. ಹೇಳಬೇಡ ಎಂದಿದ್ದ ನನ್ನ ಮಾತೇ ನನ್ನನ್ನು ಚುಚ್ಚುತ್ತಿತ್ತು. ಮಗಳು ಅದನ್ನು ಕೇಳಿದ್ದರೆ? ಎಷ್ಟು ಹೊತ್ತಾಯಿತೋ, ಒಳಗಿಂದ ಮಗು ಅತ್ತ ಸದ್ದು ಬಂತು. ಹೆಣ್ಣು ಮಗು. ತಾಯಿ, ಮಗು ಇಬ್ಬರೂ ಕ್ಷೇಮ.

ಊರಿಗೆ ಹೊರಡುವ ದಿನ ನರ್ಸಮ್ಮ ಕಾರ್ಡು ತಂದು, "ತಗೊಳಮ್ಮ, ಈಗ ಬಸ್ ಹತ್ತಿ" ಎಂದು ನಕ್ಕರು. ಅಷ್ಟೊಂದು ಕೂಗಾಡಿದ್ದ ನಾನು ಅವರ ಎರಡೂ ಕೈ ಹಿಡಿದು ಅತ್ತುಬಿಟ್ಟೆ. ಇವತ್ತಿಗೂ ದೇವರಿಗೆ ದೀಪ ಹಚ್ಚುವಾಗ ಅವರ ಮುಖ ನೆನಪಾಗುತ್ತದೆ.

ಮೊಮ್ಮಗಳು ಈಗ ನಮ್ಮನೆಗೆ ಬಂದಾಗಲೆಲ್ಲ ಸೌಟು ಹಿಡಿದು ತಟ್ಟೆ ಬಡಿಯುತ್ತಾಳೆ. ಬೆಳಗಿನಿಂದ ಕಬ್ಬಿಣ ಬಡಿಯುವ ನಮ್ಮ ಮನೆಯವರೇ ಸದ್ದು ತಡೆಯಲಾಗದೆ ಗದರುತ್ತಾರೆ. "ಬುಡಿ, ಬಡೀಲಿ" ಅನ್ನುತ್ತೇನೆ. ಆ ಸದ್ದು ನಿಂತರೆ ಈಗಲೂ ನನ್ನ ಎದೆ ಝಲ್ಲೆನ್ನುತ್ತದೆ.