ಉಸಿರು ಸೇರಿಸಿ ಕರೆದ ಹೆಸರು

ಬೆಳ್ಳುಳ್ಳಿ ಸಿಪ್ಪೆ ಸುಡುವ ವಾಸನೆ ಬಂದರೆ ಈಗಲೂ ನನ್ನ ಕೈ ತಾನಾಗಿ ಯಾರದೋ ಸೆರಗನ್ನು ಹುಡುಕುತ್ತದೆ. ನಿಮ್ಮಲ್ಲೂ ಅಂಥದೊಂದು ವಾಸನೆ ಇದ್ದೀತು. ಅದು ಬಂದಾಗ ಮನೆ ಬರುತ್ತದೆ, ಮನೆಯವರು ಬರುತ್ತಾರೆ, ಬಾಗಿಲು ಎಲ್ಲಿತ್ತೆಂದು ಮಾತ್ರ ನೆನಪಾಗುವುದಿಲ್ಲ. ನನ್ನದು ತಾಳವಾಡಿಯ ಸಂತೆಮಾಳದ ವಾಸನೆ. ರಜೆಗೆ ಕಾನ್ವೆಂಟಿನಿಂದ ನಮ್ಮೂರು ತಿಗನಾರೆಗೆ ಬಂದಾಗಲೆಲ್ಲ ಅಜ್ಜಿ ನನ್ನನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದಳು. ಹಣೆಯ ತುಂಬ ಈಬತ್ತಿ, ಮಡಿಲ ತುಂಬ ಬೆಳ್ಳುಳ್ಳಿ. ಗಡಿಯ ಹಳೇ ಪೇಟೆ. ಒಂದು ಕಲ್ಲುಕಟ್ಟೆಯ ಮೇಲೆ ಮೈಸೂರು ಸೀಮೆಯ ಸೇರು, ಪಕ್ಕದ ಕಟ್ಟೆಯ ಮೇಲೆ ತಮಿಳು ಸೀಮೆಯ ಪಡಿ, ಅರ್ಧ ಚೌಕಾಸಿ ಕನ್ನಡದಲ್ಲಿ, ಇನ್ನರ್ಧ ತಮಿಳಿನಲ್ಲಿ. ಹೊತ್ತು ಇಳಿದಂತೆ ಬೆಟ್ಟದಿಂದ ಮಂಜೂ ಇಳಿಯುತ್ತಿತ್ತು. ವ್ಯಾಪಾರದವರು ಚಳಿಗೆ ಸಿಪ್ಪೆ ಗುಡ್ಡೆ ಹಾಕಿ ಬೆಂಕಿ ಇಡುತ್ತಿದ್ದರು. ಹೊಗೆಯೂ ಮಂಜೂ ಕಲೆತು, ಎದುರಿಗೆ ಬರುವವರ ಕಾಲು ಕಂಡರೆ ಮುಖ ಕಾಣುತ್ತಿರಲಿಲ್ಲ.

ಆಗ ಅಜ್ಜಿ ನನ್ನನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದಳು. "ಯಾರಾರ ಎಸ್ರಿಡ್ದು ಕೂಗುದ್ರ ಬಿರ್ರನ ಓ ಅಂದ್ಬುಟ್ಟೀಯ, ಕೂಸು! ನಮ್ಮೋರಾದ್ರ ಏಮಿ ಅಂತರ. ಅದಕ್ಕ ಮೈಯಿಲ್ಲ ಕಣವ್ವ, ಬರೀ ಉಸ್ರು. ಅದ್ಕೇ ಎಸ್ರಿಗೂ ಉಸ್ರ ಸೇರ್ಸಿ ಕೂಗ್ತದ. ಓ ಅಂದ್ರ ಮನಗಂಟ ಜೊತೇಲಿ ಬಂದ್ಬುಡ್ತದ." 'ಅದು' ಏನೆಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ನನ್ನ ಹೆಸರು ಹೇಮಾ. ನಮ್ಮ ಕಡೆಯವರ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹಳ್ಳಿ ಅಳ್ಳಿ, ಹೊಲ ಒಲ, ನಾನು ಏಮಿ. ಕಾನ್ವೆಂಟಿನಲ್ಲಿ ದಿನವಿಡೀ ಕೇಳುವ ನನ್ನದೇ ಪೂರ್ತಿ ಹೆಸರಿಗೆ ಆ ಮಂಜಿನಲ್ಲಿ ಹೆದರಿ ನಿಲ್ಲುತ್ತಿದ್ದೆ.

ಒಮ್ಮೆ ನನ್ನನ್ನು ಕರೆದೊಯ್ಯಲು ಅಜ್ಜಿಯೇ ಕಾನ್ವೆಂಟಿಗೆ ಬಂದಳು. ಸಿಸ್ಟರ್ ಒಬ್ಬರು ವರಾಂಡದಿಂದ "ಹೇಮಾ" ಎಂದರು, ನಾನು ಓಡಿದೆ. ಅಜ್ಜಿ ಬೆಚ್ಚಿದ್ದನ್ನು ಕಂಡೆ. ಬಸ್ಸು ಹತ್ತಿದ ಮೇಲೆ, "ಚಂದಾಗಿ ಕೂಗ್ತರ ಕಣವ್ವ ಆಯಮ್ಮ. ನಂಗೂ ಯೋಳ್ಕೊಡು" ಎಂದಳು. ಸಂತೆಯ ಟೀ ಅಂಗಡಿಯ ಮುಂದೆ ಪಾಠ ನಡೆಯಿತು. ಬಿಸಿ ಟೀ ಊದುವ ಹಾಗೆ ಮೊದಲು ಉಸಿರು ಬಿಡು, ಆಮೇಲೆ ಹೆಸರು, ಎಂದೆ. ಅವಳು ಲೋಟ ಎತ್ತಿ ಊದಿದಳು. ಹಬೆ ನನ್ನತ್ತ ಬಾಗಿತು. "ಹ್... ಹೇಮಿ." ಅಲ್ಲಿಂದ ಆ ಉಸಿರು ಸಿಕ್ಕಿದ್ದಕ್ಕೆಲ್ಲ ಹತ್ತಿಕೊಂಡಿತು. ದಿನಸಿ ಅಂಗಡಿಯಲ್ಲಿ "ಒಂದ್ ಸೇರು ಹಕ್ಕಿ ಕೊಡಪ್ಪ" ಎಂದಾಗ, ಪಕ್ಕದಲ್ಲಿ ಹೂ ಮಾರುವ ಸತ್ಯಮಂಗಲದ ಪಳನಿಯಮ್ಮ ಬಿದ್ದು ಬಿದ್ದು ನಕ್ಕಳು: "ಯಾನ್ ಪಾಟಿ, ಅಕ್ಕಿಗ ರೆಕ್ಕ ಬಂದ್ಬುಡ್ತಾ?"

"ನಗಮ್ಮ, ನಗು. ಊವ ಮಾರೋಳ್ಗ ಕಾನ್ಮೆಂಟ್ ಬಾಸ ಏನ್ ಗೊತ್ತು!" ಎಂದಳು ಅಜ್ಜಿ. ಅಷ್ಟು ಗತ್ತಿನ ಮಾತಿನಲ್ಲೂ ಹೂವಿನ ಹಕಾರ ಉದುರಿಹೋಗಿತ್ತು.

ಮುಂದಿನ ರಜೆ ಬರುವಷ್ಟರಲ್ಲಿ ಅಜ್ಜಿ ಇರಲಿಲ್ಲ. ತಿಗನಾರೆಯ ಮನೆಯ ಹಿತ್ತಲ ಗೋಡೆಯನ್ನು ಆನೆ ಬೆನ್ನುಜ್ಜಿ ಕೆಡವಿತು, ಉಳಿದದ್ದನ್ನು ಮಳೆ ಕರಗಿಸಿತು. ಈಗ ಅಲ್ಲಿ ಯಾರೋ ಕೋಸು ಬೆಳೆಯುತ್ತಾರೆ. ಏಮಿ ಎನ್ನುವವರೂ ಒಬ್ಬೊಬ್ಬರಾಗಿ ಮುಗಿದರು.

ಕಳೆದ ಚಳಿಗಾಲದಲ್ಲಿ ಹಾಸನೂರಿನ ಮದುವೆಯೊಂದನ್ನು ಮುಗಿಸಿ ಈರೋಡಿಗೆ ಮರಳುವ ಮುನ್ನ, ಯಜಮಾನರನ್ನು ಕಾಡಿ ತಾಳವಾಡಿಗೆ ಹೋದೆ. ಅಂದು ಸಂತೆಯ ದಿನವಲ್ಲ. ಬರಿದಾದ ಕಟ್ಟೆಗಳ ಮೇಲೆ ಒಂದು ನಾಯಿಯೂ ಮಲಗಿರಲಿಲ್ಲ. ಅಜ್ಜಿ ಕಾಲು ಇಳಿಬಿಡುತ್ತಿದ್ದ ಕಲ್ಲಿನ ಅಂಚು ಸವೆದು ನುಣುಪಾಗಿತ್ತು. ಮುಟ್ಟಿದೆ, ಯಾರೋ ಈಗತಾನೇ ಎದ್ದುಹೋದಂತೆ ಬೆಚ್ಚಗಿತ್ತು. ಬೆಳಗಿನಿಂದ ಬಿಸಿಲೇ ಬಿದ್ದಿರಲಿಲ್ಲ. ಎಲ್ಲೂ ಬೆಂಕಿ ಕಾಣಲಿಲ್ಲ, ಆದರೂ ಸಿಪ್ಪೆ ಸುಡುವ ವಾಸನೆ. ಅಷ್ಟರಲ್ಲಿ ನನ್ನ ಕಿವಿಯ ಹಿಂದೆಯೇ, ಮೊದಲು ಊದಿದ ಉಸಿರು, ಆಮೇಲೆ ಹೆಸರು: "ಹ್... ಹೇಮಿ."

ಯಜಮಾನರು ದೂರದಲ್ಲಿ ಕಾರಿಗೆ ಒರಗಿ ಫೋನು ನೋಡುತ್ತಿದ್ದರು. "ಕರೆದಿರಾ?" ಎಂದು ಕೂಗಿ ಕೇಳಿದೆ.

"ನಾ ಯಾವತ್ತು ನಿನ್ನ ಎಸ್ರಿಡ್ದು ಕೂಗಿದ್ದೀನಿ? ಬಾ, ಮಂಜು ಮುಚ್ಕತಾ ಅದ, ಘಾಟ್ ಇಳೀಬೇಕು."

ಹಕಾರವಿದ್ದರೆ ನಮ್ಮವರಲ್ಲ ಎಂದವಳು ಅಜ್ಜಿ. ನನಗಾಗಿ ಹಕಾರ ಕಲಿತವಳೂ ಅಜ್ಜಿ. ಮೈಯಿಲ್ಲದ್ದು ಬರೀ ಉಸಿರು ಎಂದಿದ್ದಳು. ಈಗ ಅವಳಿಗೂ ಮೈಯಿಲ್ಲ. ಕರೆದದ್ದು ಯಾವುದೆಂದು ನಾನು ಹೇಗೆ ಗುರುತಿಸಲಿ? ಓಗೊಟ್ಟರೆ ಅದು ಜೊತೆಗೆ ಬಂದೀತು. ಓಗೊಡದೆ ಹೋದರೆ, ಅಷ್ಟು ಕಷ್ಟಪಟ್ಟು ಕಲಿತ ಒಂದು ಉಸಿರು ಆ ಮಂಜಿನಲ್ಲೇ ನಿಂತುಬಿಡುತ್ತದೆ. ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಮೆಲ್ಲಗೆ "ಓ" ಎಂದೆ.

ಈರೋಡಿನ ನನ್ನ ಅಡುಗೆಮನೆಗೆ ಬೆಟ್ಟದ ಗಾಳಿ ಬರುವುದಿಲ್ಲ. ಬೆಳಿಗ್ಗೆ ಟೀ ಲೋಟ ಮುಂದಿಟ್ಟುಕೊಂಡು ಒಬ್ಬಳೇ ಕೂರುತ್ತೇನೆ. ನೆಟ್ಟಗೆ ಏಳುತ್ತಿರುವ ಹಬೆ ಒಮ್ಮೊಮ್ಮೆ ನನ್ನತ್ತ ಬಾಗುತ್ತದೆ. ಕಿಟಕಿ ತೆರೆದಿದೆಯೇ ಎಂದು ನಾನು ಎದ್ದು ನೋಡುವುದಿಲ್ಲ.